ಅವನ ಸಿಟ್ಟಿಗೆ ಪ್ರೀತಿ ಅಂತ ಹೆಸರಿಡಬೇಡಿ

ಕನ್ನಡದಲ್ಲಿ ಐತಿಹಾಸಿಕ ಪ್ರೇಮ ಕಾದಂಬರಿ ಬರೆಯುವ ಎಲ್ಲರಿಗೂ, ಅವನ್ನು ಅಚ್ಚು ಹಾಕಿಸುವ ಪ್ರಕಾಶಕರಿಗೂ, ಮೊಬೈಲ್ ಆ್ಯಪ್‌ಗಳಲ್ಲಿ ಕಂತು ಕಂತಾಗಿ ಹಾಕುವ ಸಂಪಾದಕರಿಗೂ,

ಮಂಗಳೂರಿನಿಂದ ನಮಸ್ಕಾರ.

ಹಂಪನಕಟ್ಟೆಯಿಂದ ಸ್ವಲ್ಪ ದೂರದಲ್ಲಿ ನಾನೊಂದು ಸಣ್ಣ ಸರ್ಕ್ಯುಲೇಟಿಂಗ್ ಲೈಬ್ರರಿ ನಡೆಸುತ್ತೇನೆ. ನಮ್ಮಲ್ಲಿ ಅತಿ ಜಾಸ್ತಿ ಕೈ ಬದಲಾಗುವುದು ನಿಮ್ಮ ಪುಸ್ತಕಗಳೇ. ರಾಜ, ದಂಡನಾಯಕ, ಪಾಳೆಯಗಾರ, ಕುದುರೆ, ಕೋಟೆ, ಒಬ್ಬ ಹುಡುಗಿ. ಇಂಗ್ಲಿಷಿನ ಡ್ಯೂಕುಗಳ ಕಥೆಗಳಿಗೂ ಒಂದು ಇಡೀ ಕಪಾಟು ಉಂಟು. ನಾನು ಇವನ್ನು ಬರೀ ಬಾಡಿಗೆಗೆ ಕೊಡುವವಳಲ್ಲ, ಇಷ್ಟಪಟ್ಟು ಓದುವವಳು. ಪ್ರೇಮಕಥೆ ಅಂದ ಕೂಡಲೇ ಮೂಗು ಮುರಿಯುವವರ ಜೊತೆ ಎಷ್ಟೋ ಸಲ ಜಗಳ ಆಡಿದ್ದೇನೆ. ಹಾಗಾಗಿ ಈ ಪತ್ರವನ್ನು ದೂರ ನಿಂತವರ ಟೀಕೆ ಅಂತ ದಯವಿಟ್ಟು ತಿಳಿಯಬೇಡಿ.

ನನ್ನ ಮಾತು ಇಷ್ಟೇ. ಹೆಣ್ಣನ್ನು ತನ್ನ ಸೊತ್ತು ಅಂತ ತಿಳಿದು, ಮಾತು ಮಾತಿಗೆ ಸಿಡಿದು, ಆಮೇಲೆ ಅದನ್ನೇ ಪ್ರೀತಿ ಅನ್ನುವ ನಾಯಕನನ್ನು ನೀವು ಇತಿಹಾಸದ ಹೆಸರಿನಲ್ಲಿ ನಮಗೆ ಕೊಡುತ್ತಿದ್ದೀರಿ. ಇತಿಹಾಸ ಅವನ ಬೆನ್ನಿಗೆ ನಿಲ್ಲುವುದಿಲ್ಲ. ನಮ್ಮ ಕರಾವಳಿಯ ಇತಿಹಾಸವಂತೂ ನಿಲ್ಲುವುದೇ ಇಲ್ಲ.

ಅವನು ಹೇಗಿರುತ್ತಾನೆ ಅಂತ ನಿಮಗೇ ಚೆನ್ನಾಗಿ ಗೊತ್ತು. ಎತ್ತರದ ಆಳು, ಹುಬ್ಬಿನ ಮೇಲೆ ಗಾಯದ ಗುರುತು, ಮಾತು ಕಡಿಮೆ, ಸಿಟ್ಟು ಜಾಸ್ತಿ. ಅವಳು ಬೇರೆ ಗಂಡಸಿನ ಜೊತೆ ನಕ್ಕರೆ ಹಲ್ಲು ಕಚ್ಚುತ್ತಾನೆ. ಕೈ ಹಿಡಿದು ಎಳೆಯುತ್ತಾನೆ. ‘ನೀನು ನನ್ನವಳು’ ಅನ್ನುತ್ತಾನೆ. ಅವಳು ಇನ್ನೂ ಹೂಂ ಅಂದೇ ಇರುವುದಿಲ್ಲ. ಅವಳ ಕೋಣೆಗೆ ಹೊರಗಿನಿಂದ ಚಿಲಕ ಹಾಕಿಸುತ್ತಾನೆ, ಅದು ಅವಳ ರಕ್ಷಣೆಗಂತೆ.

ಒಂದು ದೃಶ್ಯ ಹೇಳುತ್ತೇನೆ. ಯಾವುದೋ ಒಂದೇ ಪುಸ್ತಕದ್ದಲ್ಲ, ಸಣ್ಣಪುಟ್ಟ ಬದಲಾವಣೆಯೊಂದಿಗೆ ಬೇಕಾದಷ್ಟು ಪುಸ್ತಕಗಳಲ್ಲಿ ಬರುವಂಥದ್ದು. ಅಂತಃಪುರದಲ್ಲಿ ಅವಳು ವೀಣೆ ಕಲಿಯುತ್ತಿದ್ದಾಳೆ. ದಂಡನಾಯಕ ಬಾಗಿಲಲ್ಲಿ ನಿಂತು ನೋಡುತ್ತಾನೆ. ತಂತಿ ತೋರಿಸುವಾಗ ಗುರುವಿನ ಬೆರಳು ಅವಳ ಬೆರಳಿಗೆ ತಾಗುತ್ತದೆ. ಇವನು ಒಳಗೆ ನುಗ್ಗಿ ವೀಣೆ ಎತ್ತಿ ಕಂಬಕ್ಕೆ ಅಪ್ಪಳಿಸುತ್ತಾನೆ. ತಂತಿ ಚಿಮ್ಮಿ ಅವಳ ಕೆನ್ನೆ ಗೀರುತ್ತದೆ. ಗುರುವನ್ನು ಊರು ಬಿಡಿಸುತ್ತಾರೆ. ಅವಳು ಊಟ ಬಿಟ್ಟು ಅಳುತ್ತಾಳೆ. ಕೆಲವು ದಿನ ಕಳೆದು ದಂತದ ಕೆತ್ತನೆಯ ಹೊಸ ವೀಣೆ ಬರುತ್ತದೆ. ಅದರ ಹಿಂದೆಯೇ ಅವನೂ ಬರುತ್ತಾನೆ. ಕೆನ್ನೆಯ ಗೀರಿಗೆ ಮುತ್ತಿಡುತ್ತಾನೆ. ಅವಳ ಮೈ ಬೆಚ್ಚಗಾಗುತ್ತದೆ. ಅಧ್ಯಾಯ ಮುಗಿಯಿತು.

ಆ ಗುರು ಎಲ್ಲಿ ಹೋದ? ಅವನ ಹೆಂಡತಿ ಮಕ್ಕಳ ಗತಿ ಏನಾಯಿತು? ಯಾರೂ ಕೇಳುವುದಿಲ್ಲ. ಹೊಸ ವೀಣೆಯನ್ನು ಅವಳಿಗೆ ಯಾರು ಕಲಿಸಿದರು? ಕೊನೆಯ ಪುಟದವರೆಗೂ ಅವಳು ಅದನ್ನು ನುಡಿಸುವುದೇ ಇಲ್ಲ. ಕಲಿಕೆ ಅಲ್ಲಿಗೇ ನಿಂತಿತು, ಆದರೆ ಕಾದಂಬರಿಗೆ ಅದು ನಷ್ಟ ಅಂತ ಅನ್ನಿಸಿಯೇ ಇಲ್ಲ. ನನಗೆ ಸಹಿಸಲು ಆಗದ್ದು ಇದು. ಅವನು ವೀಣೆ ಒಡೆದದ್ದಕ್ಕಿಂತ, ಒಡೆದದ್ದನ್ನು ಪುಸ್ತಕವೇ ಮರೆತದ್ದು ನನಗೆ ಜಾಸ್ತಿ ನೋವು ಕೊಡುತ್ತದೆ.

ಕಥೆ ಅವನ ಪರ ವಹಿಸುವ ರೀತಿಯನ್ನೂ ಸ್ವಲ್ಪ ಗಮನಿಸಿ. ‘ಕೋಟೆ ದಾಟಿ ಹೋಗಬೇಡ’ ಅಂತ ಅವನು ಅಪ್ಪಣೆ ಮಾಡುತ್ತಾನೆ. ಅವಳು ಕೇಳದೆ ಜಾತ್ರೆಗೆ ಹೋಗುತ್ತಾಳೆ. ಹೋದ ಅರ್ಧ ಗಂಟೆಯಲ್ಲಿ ಶತ್ರುಗಳು ಹೊತ್ತೊಯ್ಯುತ್ತಾರೆ. ಅವನು ಗಾಳಿಯಂತೆ ಕುದುರೆ ಓಡಿಸಿ ಬಂದು ಬಿಡಿಸುತ್ತಾನೆ. ಅವಳು ಅವನ ಎದೆಗೊರಗಿ ‘ನಿಮ್ಮ ಮಾತು ಕೇಳಬೇಕಿತ್ತು’ ಅನ್ನುತ್ತಾಳೆ. ಪೊದೆಯ ಹಿಂದೆ ಆ ಶತ್ರುಗಳನ್ನು ಕೂರಿಸಿದವರು ಯಾರು? ನೀವು ತಾನೆ? ಜಾತ್ರೆಗೆ ಹೋದವಳು ಬಳೆ ಕೊಂಡು, ಬತ್ತಾಸು ತಿಂದು, ಸಂಜೆ ಸುಮ್ನೆ ಮನೆಗೆ ಬಂದಿದ್ದರೆ ಅವನ ಅಪ್ಪಣೆ ಎಷ್ಟು ಅರ್ಥವಿಲ್ಲದ್ದು ಅಂತ ಓದುಗರಿಗೆ ಗೊತ್ತಾಗುತ್ತಿತ್ತು. ಹಾಗೆ ಆಗಲು ನೀವು ಬಿಡುವುದಿಲ್ಲ. ಗಂಡನ ಮಾತು ಮೀರಿದರೆ ಅಪಾಯ ಕಾದಿರುತ್ತದೆ ಅಂತ ಕಥೆಯ ಹೆಣಿಗೆಯೇ ಸಾಕ್ಷಿ ಹೇಳುತ್ತದೆ. ನಾಯಕನ ಬಾಯಲ್ಲಿ ಬರುವ ನೂರು ಮಾತಿಗಿಂತ ಈ ಸಾಕ್ಷಿ ಗಟ್ಟಿ.

ಇನ್ನು ಅವನ ಬಾಲ್ಯದ ದುಃಖ. ತಾಯಿ ಬಿಟ್ಟು ಹೋಗಿರುತ್ತಾಳೆ, ಇಲ್ಲ ಮೊದಲ ಹೆಂಡತಿ ಮೋಸ ಮಾಡಿರುತ್ತಾಳೆ. ಅದಕ್ಕೇ ಅವನು ಹೀಗೆ, ಪಾಪ. ಆದರೆ ನಿಮ್ಮ ನಾಯಕಿಯರಲ್ಲಿ ಎಷ್ಟು ಮಂದಿ ಅನಾಥೆಯರು ನೋಡಿ. ಅಪ್ಪ ಯುದ್ಧದಲ್ಲಿ ಸತ್ತವನು, ಚಿಕ್ಕಪ್ಪ ಮಾರಿ ಹಾಕಿದವನು. ಅವಳ ನೋವು ಅವನ ನೋವಿಗಿಂತ ಒಂದು ಗುಲಗಂಜಿಯಷ್ಟೂ ಕಡಿಮೆ ಅಲ್ಲ. ಅವಳು ಯಾರ ಕೈಯನ್ನೂ ತಿರುಚುವುದಿಲ್ಲ, ಯಾರ ಬಾಗಿಲಿಗೂ ಚಿಲಕ ಹಾಕುವುದಿಲ್ಲ. ನೋವು ಅವಳನ್ನು ಮೆದು ಮಾಡುತ್ತದೆ, ಅವನನ್ನು ಮಾತ್ರ ಹುಲಿ ಮಾಡುತ್ತದೆ. ಯಾಕೆ?

ಇದನ್ನೆಲ್ಲ ಕೇಳಿದರೆ ಬರುವ ಉತ್ತರ ಒಂದೇ. ‘ಮೇಡಂ, ಇದು ಐತಿಹಾಸಿಕ ಕಾದಂಬರಿ. ಆ ಕಾಲದಲ್ಲಿ ಗಂಡಸರು ಹಾಗೇ ಇದ್ದರು.’

ಸರಿ, ಆ ಕಾಲಕ್ಕೇ ಹೋಗೋಣ.

ಮೊದಲು ಈ ಮಾದರಿ ಎಲ್ಲಿಂದ ಬಂತು ಅಂತ ನೋಡೋಣ. ಇವನು ವಿಜಯನಗರದಿಂದ ಬಂದವನಲ್ಲ. ಇವತ್ತಿನ ಐತಿಹಾಸಿಕ ಪ್ರೇಮ ಕಾದಂಬರಿಯ ಅಚ್ಚು ಬಹುಮಟ್ಟಿಗೆ ಅಮೆರಿಕದ್ದು. 1972ರಲ್ಲಿ ಕ್ಯಾಥ್ಲೀನ್ ವುಡಿವಿಸ್ ಅವರ ‘ದಿ ಫ್ಲೇಮ್ ಆ್ಯಂಡ್ ದಿ ಫ್ಲವರ್’ ಅಲ್ಲಿ ಸೀದಾ ಅಗ್ಗದ ಆವೃತ್ತಿಯಾಗಿ ಬಂತು, ಲಕ್ಷಗಟ್ಟಲೆ ಪ್ರತಿ ಹೋಯಿತು. ಅದರಲ್ಲಿ ಹಡಗಿನ ಕ್ಯಾಪ್ಟನ್ ಆಗಿರುವ ನಾಯಕ, ದಿಕ್ಕು ತಪ್ಪಿದ ಹುಡುಗಿಯೊಬ್ಬಳನ್ನು ವೇಶ್ಯೆ ಅಂತ ತಿಳಿದು ಬಲಾತ್ಕಾರ ಮಾಡುತ್ತಾನೆ. ಕೊನೆಗೆ ಅವನೇ ಅವಳ ಪ್ರೀತಿಯ ಗಂಡ. ಆ ಗೆಲುವು ನೋಡಿ ಅದೇ ದಾರಿಯಲ್ಲಿ ಸಾಲು ಸಾಲು ಪುಸ್ತಕ ಬಂದವು. ಮುಂದಿನ ದಶಕಗಳಲ್ಲಿ ಅಲ್ಲಿನ ಓದುಗರೂ ಲೇಖಕಿಯರೂ ಇದನ್ನು ಪ್ರಶ್ನಿಸಿದರು, ಬಲಾತ್ಕಾರ ಮಾಡುವ ನಾಯಕ ನಿಧಾನವಾಗಿ ಕಡಿಮೆಯಾದ. ಅಲ್ಲಿ ಹಳತಾದ ಅಚ್ಚಿಗೆ ಇಲ್ಲಿ ಪಂಚೆ ಉಡಿಸಿ, ಕತ್ತಿ ಕೊಟ್ಟು, ಪಾಳೆಯಗಾರ ಅಂತ ಕರೆಯುತ್ತಿದ್ದೇವೆ.

ಆ ಡ್ಯೂಕುಗಳ ಇಂಗ್ಲೆಂಡಿನಲ್ಲೂ ಹೆಂಗಸರು ಇದನ್ನು ಪ್ರೀತಿ ಅಂತ ಒಪ್ಪಿಕೊಂಡಿದ್ದರಾ? ಕ್ಯಾರೊಲಿನ್ ನಾರ್ಟನ್ ಎಂಬ ಲೇಖಕಿ ಇದ್ದಳು. ಗಂಡ ಜಾರ್ಜ್ ನಾರ್ಟನ್ ವಕೀಲ, ಪಾರ್ಲಿಮೆಂಟ್ ಸದಸ್ಯನಾಗಿದ್ದವನು. ನಿಮ್ಮ ಕಾದಂಬರಿಯ ನಾಯಕನಿಗೆ ಇರುವ ಎಲ್ಲ ಗುಣವೂ ಅವನಿಗೆ ಇತ್ತು. ಸಂಶಯ, ಸಿಟ್ಟು, ಹೊಡೆತ. 1836ರಲ್ಲಿ ಅವಳ ಮೂರು ಗಂಡುಮಕ್ಕಳನ್ನು ಅವಳಿಂದ ದೂರ ಮಾಡಿದ. ಪ್ರಧಾನಿ ಮೆಲ್ಬೋರ್ನ್ ಜೊತೆ ಅವಳಿಗೆ ಸಂಬಂಧ ಉಂಟು ಅಂತ ಕೋರ್ಟಿಗೆ ಹೋಗಿ ಸೋತ. ಸೋತರೂ ಮಕ್ಕಳು ಅವನವೇ, ಅವಳು ಬರೆದು ಗಳಿಸಿದ ದುಡ್ಡೂ ಕಾನೂನಿನ ಪ್ರಕಾರ ಅವನದೇ. ಅವಳು ಅದನ್ನು ಪ್ರೀತಿಯ ಅತಿರೇಕ ಅನ್ನಲಿಲ್ಲ. ಕರಪತ್ರ ಬರೆದಳು, ಸದಸ್ಯರ ಬೆನ್ನು ಬಿದ್ದಳು. 1839ರಲ್ಲಿ ಚಿಕ್ಕ ಮಕ್ಕಳ ವಿಷಯದಲ್ಲಿ ತಾಯಿಯ ಮಾತನ್ನೂ ಕೋರ್ಟು ಕೇಳಬೇಕು ಅಂತ ಕಾಯಿದೆ ಬಂದದ್ದರಲ್ಲಿ ಅವಳ ಪಾಲು ದೊಡ್ಡದು. 1855ರಲ್ಲಿ ಮದುವೆ ಮತ್ತು ವಿಚ್ಛೇದನದ ಕಾನೂನಿನ ಬಗ್ಗೆ ವಿಕ್ಟೋರಿಯಾ ರಾಣಿಗೆ ಬಹಿರಂಗ ಪತ್ರ ಬರೆದಳು. ಈ ಪತ್ರ ಬರೆಯಲು ಕೂತಾಗ ನನ್ನ ಮನಸ್ಸಿನಲ್ಲಿ ಇದ್ದವಳು ಅವಳೇ.

ನಮ್ಮ ದೇಶದಲ್ಲಿ ರಖ್ಮಾಬಾಯಿ. ಸಣ್ಣವಳಿದ್ದಾಗ ಆದ ಮದುವೆ, ಆ ಗಂಡನ ಮನೆಗೆ ಹೋಗಲಾರೆ ಅಂದಳು. 1887ರಲ್ಲಿ ಮುಂಬೈ ಕೋರ್ಟು ‘ಗಂಡನ ಮನೆಗೆ ಹೋಗು, ಇಲ್ಲ ಆರು ತಿಂಗಳು ಜೈಲಿಗೆ ಹೋಗು’ ಅಂದಿತು. ಜೈಲಿಗೆ ಹೋಗುತ್ತೇನೆ ಅಂದಳು. ಕೊನೆಗೆ ಜೈಲಿಗೆ ಹೋಗುವ ಪ್ರಮೇಯ ಬರಲಿಲ್ಲ, ರಾಜಿ ಆಯಿತು. ಲಂಡನ್ನಿಗೆ ಹೋಗಿ ಓದಿ ಡಾಕ್ಟರ್ ಆಗಿ ಬಂದಳು. ‘ಆ ಕಾಲದಲ್ಲಿ’ ಇವರೂ ಇದ್ದರು. ಗಂಡಸರು ಹಾಗಿದ್ದರು ಅನ್ನುವ ಲೆಕ್ಕದಲ್ಲಿ ಇವರನ್ನು ಯಾಕೆ ಬಿಡುತ್ತೀರಿ?

ಈಗ ನಮ್ಮ ಊರಿಗೆ ಬನ್ನಿ. ನೇತ್ರಾವತಿ ಸೇತುವೆ ದಾಟಿದರೆ ಉಳ್ಳಾಲ. ಅಬ್ಬಕ್ಕ ರಾಣಿಯ ಹೆಸರು ಗೊತ್ತಿಲ್ಲದವರು ಇಲ್ಲಿ ಯಾರೂ ಇಲ್ಲ. ಪೋರ್ಚುಗೀಸರ ಜೊತೆ ಅವಳು ಮಾಡಿದ ಯುದ್ಧದ ಕಥೆ ಶಾಲೆಯ ನಾಟಕದಲ್ಲೂ ಬರುತ್ತದೆ, ಸ್ತಬ್ಧಚಿತ್ರದಲ್ಲೂ ಬರುತ್ತದೆ. ಗಂಡನ ಜೊತೆ ನಡೆದ ಜಗಳದ ಕಥೆಗೆ ಮಾತ್ರ ಅಷ್ಟು ಜಾಗ ಸಿಗುವುದಿಲ್ಲ. ಉಳ್ಳಾಲವನ್ನು ಆಳಿದ ಅಬ್ಬಕ್ಕ ಒಬ್ಬಳೇ, ಒಬ್ಬರಿಗಿಂತ ಜಾಸ್ತಿಯೇ ಅನ್ನುವುದು ಇತಿಹಾಸಕಾರರ ಚರ್ಚೆ, ಅದು ಇರಲಿ. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೋ ದೆಲ್ಲಾ ವಾಲ್ಲೆ ಈ ಕಡೆ ಬಂದಿದ್ದ. ಉಳ್ಳಾಲದ ರಾಣಿಯನ್ನು ಕಣ್ಣಾರೆ ನೋಡಿ, ಅವಳ ಬಗ್ಗೆ ಜನ ಹೇಳಿದ್ದನ್ನೂ ಕೇಳಿ ಬರೆದಿದ್ದಾನೆ. ಅವನು ಬರೆದದ್ದರ ಸಾರ ಹೀಗೆ.

ರಾಣಿಗೂ ಪಕ್ಕದ ಸೀಮೆಯ ಬಂಗ ಮನೆತನದ ಅರಸನಿಗೂ ಮದುವೆ ಆಗಿತ್ತು. ಆದರೆ ಅವಳ ರಾಜ್ಯ ಅವಳದು, ಅವನದು ಅವನದು. ಇಬ್ಬರೂ ತಮ್ಮ ತಮ್ಮ ಸೀಮೆಯಲ್ಲೇ ಇದ್ದು ಆಳುತ್ತಿದ್ದರು. ನಡುವೆ ಹೊಳೆ. ಸೇರಬೇಕು ಅನ್ನಿಸಿದಾಗ ಗಡಿಯಲ್ಲಿ ಡೇರೆ ಹಾಕಿ, ಇಲ್ಲ ದೋಣಿಯಲ್ಲಿ ಸೇರುತ್ತಿದ್ದರು. ಆಮೇಲೆ ಮನಸ್ಸು ಮುರಿಯಿತು. ಅವನು ಕೊಟ್ಟ ಒಡವೆಗಳನ್ನು ಅವಳು ವಾಪಸ್ ಕಳಿಸಿದಳು. ಅಂದರೆ ಸಂಬಂಧ ಮುಗಿಯಿತು. ಅವನಿಗೆ ಅದು ತಡೆಯಲಿಲ್ಲ. ಒಂದು ದಿನ ಅವಳು ಹೆಚ್ಚು ಕಾವಲಿಲ್ಲದೆ ದೋಣಿಯಲ್ಲಿ ಹೋಗುತ್ತಿದ್ದಾಗ, ಜನರನ್ನು ದೋಣಿ ಹತ್ತಿಸಿ ಕಳಿಸಿ ಹಿಡಿಸಿದ.

ಇಲ್ಲಿ ಒಂದು ಕ್ಷಣ ನಿಲ್ಲಿ. ಇದು ನಿಮ್ಮ ಕಾದಂಬರಿ ಆಗಿದ್ದರೆ ಇದು ಹತ್ತನೆಯ ಅಧ್ಯಾಯ. ಬಿಟ್ಟು ಹೋದ ಹೆಂಡತಿಯನ್ನು ನಡುಹೊಳೆಯಿಂದ ಎತ್ತಿಕೊಂಡು ಬಂದ ಅರಸ. ಹನ್ನೊಂದನೆಯ ಅಧ್ಯಾಯದಲ್ಲಿ ಅವಳು ಊಟದ ತಟ್ಟೆ ತಳ್ಳುತ್ತಾಳೆ, ಹನ್ನೆರಡರಲ್ಲಿ ಮಳೆ ಬರುತ್ತದೆ, ಹದಿಮೂರರಲ್ಲಿ ಅವಳಿಗೆ ಅವನ ಒಳಗಿನ ಗಾಯ ಕಾಣುತ್ತದೆ. ನಿಜವಾಗಿ ನಡೆದದ್ದು ಏನು? ಅವಳು ತಾಳ್ಮೆ ಬಿಡದೆ ಒಳ್ಳೆಯ ಮಾತಾಡಿ ಅವನನ್ನು ಒಪ್ಪಿಸಿ ಬಿಡಿಸಿಕೊಂಡಳು. ತನ್ನ ನೆಲಕ್ಕೆ ಬಂದ ಕೂಡಲೇ ಅವನ ಮೇಲೆ ಯುದ್ಧ ಸಾರಿದಳು. ಅವನು ಪೋರ್ಚುಗೀಸರ ಬೆಂಬಲ ನಂಬಿದ್ದ, ಇವಳು ಇಕ್ಕೇರಿಯ ಅರಸ ವೆಂಕಟಪ್ಪ ನಾಯಕನನ್ನು ನೆರವಿಗೆ ಕರೆಸಿಕೊಂಡಳು. ಸೋತವನು ಅವನು.

ಅವನ ಕೈಗೆ ಸಿಕ್ಕಿಬಿದ್ದ ಗಳಿಗೆಯಲ್ಲಿ ಅವಳು ಆಡಿದ ಮೆದು ಮಾತು ಪ್ರೀತಿ ಅಲ್ಲ, ಪ್ರಾಣ ಉಳಿಸಿಕೊಳ್ಳುವ ಬುದ್ಧಿ. ಈ ಎರಡರ ನಡುವಿನ ವ್ಯತ್ಯಾಸ ಬರೆಯಲು ಬಂದರೆ ನೀವು ದೊಡ್ಡ ಕಾದಂಬರಿಕಾರರು. ಕೋಣೆಯಲ್ಲಿ ಕೂಡಿ ಹಾಕಿದವನ ಹತ್ತಿರ ನಗುನಗುತ್ತ ಮಾತಾಡುವ ನಿಮ್ಮ ನಾಯಕಿಯರನ್ನು ಓದುವಾಗೆಲ್ಲ ನನಗೆ ಆ ದೋಣಿಯ ಮೇಲಿನ ರಾಣಿ ನೆನಪಾಗುತ್ತಾಳೆ. ಇವಳೂ ಸಮಯ ಕಾಯುತ್ತಿದ್ದಾಳಾ? ಹಾಗಂತ ಬರೆಯಿರಲ್ಲ!

ಪ್ರವಾಸಿ ಅವಳನ್ನು ಕಂಡದ್ದು ಅರಮನೆಯ ಸಿಂಹಾಸನದ ಮೇಲಲ್ಲ, ದಾರಿಯಲ್ಲಿ. ಬರಿಗಾಲು, ಸಾದಾ ಹತ್ತಿ ಬಟ್ಟೆ. ನೀರಾವರಿಗೆ ತೋಡಿಸುತ್ತಿದ್ದ ಕಾಲುವೆಯ ಕೆಲಸ ನೋಡಲು ಹೊರಟಿದ್ದಳು. ನೋಡಿದರೆ ಅಡುಗೆ ಕೆಲಸದವಳ ಹಾಗಿದ್ದಾಳೆ ಅಂತ ಬರೆದವನೇ, ಮಾತು ಕೇಳಿದ ಮೇಲೆ ರಾಣಿಯೇ ಹೌದು ಅಂತ ಒಪ್ಪಿಕೊಂಡ. ಇಂಥ ಹೆಣ್ಣಿನ ಎದುರು ನಿಲ್ಲಬಲ್ಲ ಗಂಡಸು ಎಂಥವನು? ಅವಳ ಕಾಲುವೆ ಕೆಲಸ ಎಲ್ಲಿಗೆ ಬಂತು ಅಂತ ಕೇಳುವವನು. ನನಗೆ ಅಂಥ ನಾಯಕ ಬೇಕು.

ಇದು ಒಬ್ಬ ರಾಣಿಯ ಕಥೆ ಮಾತ್ರ ಅಲ್ಲ. ಇಲ್ಲಿನ ಬಹಳಷ್ಟು ಸಮುದಾಯಗಳಲ್ಲಿ ಅಳಿಯಕಟ್ಟು ಇತ್ತು. ಮನೆತನ ಹೋಗುವುದು ಹೆಣ್ಣಿನ ಕಡೆಯಿಂದ, ಆಸ್ತಿಯೂ ಹಾಗೆಯೇ. 1949ರಲ್ಲಿ ಮದ್ರಾಸ್ ಪ್ರಾಂತ್ಯ ಅದಕ್ಕೆ ಅಂತಲೇ ಕಾಯಿದೆ ಮಾಡಿತ್ತು. ಹೆಂಗಸರಿಗೆ ಆಗ ಸ್ವರ್ಗವೇ ಇತ್ತು ಅಂತ ನಾನು ಹೇಳುವುದಿಲ್ಲ. ಯಜಮಾನಿಕೆ ಎಷ್ಟೋ ಸಲ ಸೋದರಮಾವನ ಕೈಯಲ್ಲೇ ಇರುತ್ತಿತ್ತು, ಅವನ ದರ್ಪವೂ ಕಡಿಮೆ ಇರಲಿಲ್ಲ. ಆದರೆ ಗಂಡ ಕೆಟ್ಟವನಾದರೆ ವಾಪಸ್ ಬರಲು ಅವಳಿಗೆ ತನ್ನದೇ ಮನೆ ಇತ್ತು. ಅಲ್ಲಿ ಅವಳು ಅತಿಥಿ ಅಲ್ಲ. ತುಳುನಾಡಿನ ಕಥೆ ಅಂತ ಹೇಳಿಕೊಂಡು, ತವರಿನ ಬಾಗಿಲು ಮುಚ್ಚಿದ ಅಬಲೆಯನ್ನು ದಂಡನಾಯಕನ ಕಾಲಡಿ ಹಾಕುವವರು ಇದನ್ನು ಒಮ್ಮೆ ತಿಳಿದುಕೊಳ್ಳಬೇಕು.

ನಮ್ಮ ಸಿರಿಯ ಪಾಡ್ದನ, ಅಂದರೆ ಅವಳ ಕಥೆ ಹೇಳುವ ತುಳು ಹಾಡು ಕೇಳಿ. ಬಸ್ರೂರಿನ ಕಾಂತು ಪೂಂಜ ಸಿರಿಯ ಸೀಮಂತಕ್ಕೆ ಸೀರೆ ತರುತ್ತಾನೆ. ತರುವ ದಾರಿಯಲ್ಲಿ ಇನ್ನೊಬ್ಬಳ ಮನೆಗೆ ಹೋಗುತ್ತಾನೆ, ಅವಳು ಆ ಸೀರೆ ಉಟ್ಟು ಬಿಚ್ಚುತ್ತಾಳೆ. ಸಿರಿಗೆ ಗೊತ್ತಾಗುತ್ತದೆ. ಬೇಡ ಅನ್ನುತ್ತಾಳೆ. ಮುಂದೆ ಮಗುವನ್ನು ಕಟ್ಟಿಕೊಂಡು ಆ ಮನೆ ಬಿಟ್ಟು ಹೊರಡುತ್ತಾಳೆ, ಆ ಮದುವೆಯನ್ನೇ ಮುರಿಯುತ್ತಾಳೆ, ಆಮೇಲೆ ಕೊಡ್ಸರಾಳ್ವನನ್ನು ಮದುವೆ ಆಗುತ್ತಾಳೆ. ಮಾಚಾರಿನ ಗೋಪಾಲ ನಾಯ್ಕರು ಹಾಡಿದ ಪಾಠ 15,683 ಸಾಲು ಉಂಟು, 1998ರಲ್ಲಿ ಅದು ಪುಸ್ತಕವಾಗಿಯೂ ಬಂತು. ಅಷ್ಟು ದೊಡ್ಡ ಕಾವ್ಯದ ನಾಯಕಿ, ಗಂಡನ ದರ್ಪವನ್ನು ಪ್ರೀತಿ ಅಂತ ಓದಿಕೊಳ್ಳಲಿಲ್ಲ. ಇವತ್ತಿಗೂ ಹಿರಿಯಡ್ಕದಲ್ಲಿ, ಕವತ್ತಾರಿನಲ್ಲಿ ಸಿರಿ ಜಾತ್ರೆ ನಡೆಯುತ್ತದೆ. ನೂರಾರು ಹೆಂಗಸರು ಹಿಂಗಾರ ಹಿಡಿದು ಅವಳ ಹೆಸರು ಹೇಳುತ್ತಾರೆ.

ಯಕ್ಷಗಾನದ ಕೀಚಕನನ್ನೂ ನೋಡಿ. ಚಂದದ ವೇಷ, ಶೃಂಗಾರದ ಪದ, ಒಳ್ಳೆಯ ಕುಣಿತ. ಸೈರಂಧ್ರಿ ಒಲ್ಲೆ ಅಂದರೂ ಬಿಡುವುದಿಲ್ಲ. ಹಿಂದೆ ಹಿಂದೆ ಹೋಗುತ್ತಾನೆ, ಸಿಟ್ಟು ಮಾಡುತ್ತಾನೆ, ಕೈ ಹಿಡಿಯುತ್ತಾನೆ. ನಿಮ್ಮ ನಾಯಕ ಮಾಡುವುದೆಲ್ಲ ಅವನೂ ಮಾಡುತ್ತಾನೆ. ಆಟ ನೋಡಲು ಕೂತ ಅಜ್ಜಿಯಂದಿರು ಅವನ ಕುಣಿತಕ್ಕೆ ಮನಸ್ಸು ಕೊಡುತ್ತಾರೆ, ಅವನ ಕಡೆಗೆ ಮಾತ್ರ ವಾಲುವುದಿಲ್ಲ. ಭೀಮ ಬರುವುದನ್ನು ಕಾಯುತ್ತಾರೆ. ಒಬ್ಬನ ಮೋಹವನ್ನು ರಸ ತುಂಬಿ ತೋರಿಸಿಯೂ ಅವನು ಮಾಡುತ್ತಿರುವುದು ಅನ್ಯಾಯ ಅಂತ ಸ್ಪಷ್ಟವಾಗಿ ಕಾಣಿಸಬಹುದು. ಭಾಗವತರಿಗೂ ವೇಷಧಾರಿಗೂ ಇದು ಗೊತ್ತು. ನಿಮಗೂ ಆಗುತ್ತದೆ.

ಇನ್ನೊಂದು ನೆನಪಿಸಬೇಕು. ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಬಂದದ್ದು ಇದೇ ಮಂಗಳೂರಿನಲ್ಲಿ. ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’, 1899, ಬಾಸೆಲ್ ಮಿಷನ್ ಪ್ರೆಸ್. ವಿಧವೆ ಆದ ಹುಡುಗಿ ತನ್ನ ಮೇಲೆ ಕಣ್ಣು ಹಾಕಿದ ಕಪಟ ಸಂತರಿಂದ ತಪ್ಪಿಸಿಕೊಂಡು ಮನೆ ಬಿಡುತ್ತಾಳೆ, ಓದುತ್ತಾಳೆ, ಓದಿದ ಹುಡುಗ ಭಾಸ್ಕರನನ್ನು ಮದುವೆ ಆಗುತ್ತಾಳೆ. ನಮ್ಮ ಕಾದಂಬರಿ ಲೋಕ ಅಲ್ಲಿಂದ ಹೊರಟದ್ದು. ಆ ಮದುವೆಗೆ ಯಾರೂ ಅವಳ ಕೈ ತಿರುಚಬೇಕಾಗಲಿಲ್ಲ.

ಓದುವವರ ಬಗ್ಗೆಯೂ ಒಂದು ಮಾತು. ಇಂಥ ನಾಯಕನನ್ನು ಇಷ್ಟಪಡುವ ಹೆಂಗಸರನ್ನು ದಡ್ಡಿಯರು ಅನ್ನುವವರು ಇದ್ದಾರೆ. ನಾನು ಒಪ್ಪುವುದಿಲ್ಲ. ದಿನವಿಡೀ ಎಲ್ಲರ ಬೇಕು ಬೇಡ ನೋಡಿ ದಣಿದವಳಿಗೆ, ತನ್ನ ಒಂದು ನೋಟಕ್ಕೆ ಲೋಕವನ್ನೇ ಮರೆಯುವ ಗಂಡಸಿನ ಕಥೆ ಹಿತ ಕೊಡುತ್ತದೆ. ಅದು ಸಹಜ. ಅಮೆರಿಕದ ಜಾನಿಸ್ ರಾಡ್ವೇ ಅವರು ಪ್ರೇಮ ಕಾದಂಬರಿ ಓದುವ ಮಹಿಳೆಯರ ಜೊತೆ ಮಾತಾಡಿ 1984ರಲ್ಲಿ ಒಂದು ಪುಸ್ತಕ ಬರೆದರು. ಆ ಮಹಿಳೆಯರು ಬಲಾತ್ಕಾರ, ಕ್ರೌರ್ಯ ಇರುವ ಕಥೆಗಳನ್ನು ಇಷ್ಟಪಡುತ್ತಿರಲಿಲ್ಲ. ಅವರಿಗೆ ಬೇಕಿದ್ದದ್ದು ಕೊನೆಗಾದರೂ ಆರೈಕೆ ಮಾಡಬಲ್ಲ ಗಂಡು. ಆದರೆ ಗಂಡಿನ ಒರಟುತನದ ಹಿಂದೆ ಪ್ರೀತಿಯೇ ಇರುತ್ತದೆ ಅಂತ ಓದಿಕೊಳ್ಳುವುದನ್ನು ಈ ಕಥೆಗಳು ಅಭ್ಯಾಸ ಮಾಡಿಸುತ್ತವೆ ಅಂತಲೂ ರಾಡ್ವೇ ತೋರಿಸಿದರು. ನನ್ನ ಭಯ ಅದೇ ಅಭ್ಯಾಸದ್ದು.

ಬಿ.ಎ. ಓದುವ ಹುಡುಗಿಯೊಬ್ಬಳು ಪುಸ್ತಕ ವಾಪಸ್ ಕೊಡುತ್ತ, ‘ಅಕ್ಕಾ, ಅವನು ಎಷ್ಟು ಪೊಸೆಸಿವ್ ಅಲ್ವಾ! ಸಿಕ್ಕಿದ್ರೆ ಇಂಥವನೇ ಸಿಗ್ಬೇಕು’ ಅಂದಳು. ಅವಳ ಕಣ್ಣು ಹೊಳೆಯುತ್ತಿತ್ತು. ಅದೇ ಪುಸ್ತಕವನ್ನು ನನಗಿಂತ ಹಿರಿಯರೊಬ್ಬರು ಅರ್ಧಕ್ಕೇ ತಂದು ಮೇಜಿನ ಮೇಲೆ ಇಟ್ಟರು. ‘ಬೇಡ ಮಾರಾಯ್ತಿ, ಇವನನ್ನು ಮನೆಯಲ್ಲೇ ನೋಡಿ ಸಾಕಾಗಿದೆ. ದುಡ್ಡು ಕೊಟ್ಟು ಬೇರೆ ಓದ್ಬೇಕಾ?’ ನಾನು ಮಾತಾಡದೆ ಬೇರೆ ಪುಸ್ತಕ ಕೊಟ್ಟೆ. ಆ ಎರಡು ಮಾತಿನ ನಡುವೆ ಇರುವುದು ಸುಮಾರು ಮೂವತ್ತು ವರ್ಷದ ಸಂಸಾರ.

2019-20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಕರ್ನಾಟಕದ 18ರಿಂದ 49 ವರ್ಷದ ಮದುವೆಯಾದ ಮಹಿಳೆಯರಲ್ಲಿ ಶೇ 44ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದೇವೆ ಅಂದಿದ್ದಾರೆ. ಅದೇ ಸಮೀಕ್ಷೆಯಲ್ಲಿ ಗಂಡನ ನಡವಳಿಕೆಯ ಬಗ್ಗೆ ಕೇಳುವ ಪ್ರಶ್ನೆಗಳು ಉಂಟು. ಬೇರೆ ಗಂಡಸರ ಜೊತೆ ಮಾತಾಡಿದರೆ ಸಿಟ್ಟು ಮಾಡುತ್ತಾನಾ? ಗೆಳತಿಯರನ್ನು ನೋಡಲು ಬಿಡದೆ ತಡೆಯುತ್ತಾನಾ? ತವರಿನವರ ಸಂಪರ್ಕ ಕಡಿಮೆ ಮಾಡಿಸುತ್ತಾನಾ? ಯಾವಾಗಲೂ ಎಲ್ಲಿದ್ದೀಯ ಅಂತ ಗೊತ್ತಿರಲೇಬೇಕು ಅನ್ನುತ್ತಾನಾ? ಈ ಪ್ರಶ್ನೆಗಳನ್ನು ಪಕ್ಕದಲ್ಲಿಟ್ಟು ನಿಮ್ಮ ನಾಯಕನ ಅಧ್ಯಾಯಗಳನ್ನು ಓದಿ. ಒಂದೊಂದಕ್ಕೂ ಹೌದು ಅನ್ನುವ ಉತ್ತರ ಸಿಗುತ್ತದೆ. ಕಾದಂಬರಿ ಓದಿಯೇ ಗಂಡಸರು ಹೀಗಾದರು ಅಂತ ನಾನು ಹೇಳುತ್ತಿಲ್ಲ. ಇದನ್ನು ಅನುಭವಿಸುತ್ತಿರುವವಳ ಕೈಗೆ ‘ಇದು ನಿನ್ನ ಭಾಗ್ಯ’ ಅಂತ ಬರೆದ ಪುಸ್ತಕ ಕೊಡಬೇಡಿ ಅನ್ನುತ್ತಿದ್ದೇನೆ.

ಯಾವ ಪುಸ್ತಕವನ್ನೂ ನಿಷೇಧಿಸಿ ಅಂತ ಕೇಳುವವಳು ನಾನಲ್ಲ. ಸಿಟ್ಟಿನ ಗಂಡಸರ ಬಗ್ಗೆ ಬರೆಯಬೇಡಿ ಅಂತಲೂ ಹೇಳುವುದಿಲ್ಲ. ಬರೆಯಿರಿ. ಅವಳು ಹೆದರಿದಾಗ ಅದನ್ನು ಹೆದರಿಕೆ ಅಂತಲೇ ಬರೆಯಿರಿ, ಪುಳಕ ಅಂತ ಬರೆಯಬೇಡಿ. ಒಡೆದ ವೀಣೆ ಮುಂದಿನ ಅಧ್ಯಾಯದಲ್ಲೂ ಒಡೆದೇ ಇರಲಿ. ಊರು ಬಿಟ್ಟ ಗುರುವನ್ನು ಹುಡುಕಿಕೊಂಡು ಅವನೇ ಹೋಗಲಿ, ಎಲ್ಲರ ಎದುರು ತಲೆ ತಗ್ಗಿಸಿ ಕರೆದುಕೊಂಡು ಬರಲಿ. ಅವನು ಬದಲಾಗುವುದೇ ಆದರೆ ಅದಕ್ಕೆ ಪುಟ ಕೊಡಿ, ಒಂದು ಮಳೆಯ ರಾತ್ರಿಯಲ್ಲಿ ಮುಗಿಸಬೇಡಿ. ಬದಲಾಗದವನನ್ನು ಅವಳು ಬಿಟ್ಟು ಹೋಗಲಿ, ಹೋದವಳಿಗೆ ಪೊದೆಯ ಹಿಂದೆ ಯಾರೂ ಕಾದಿರದಿರಲಿ.

ಪ್ರಕಾಶಕರೇ, ರಕ್ಷಾಪುಟದ ಹಿಂಬದಿಯಲ್ಲಿ ‘ಅವನ ಕ್ರೌರ್ಯವೇ ಅವಳಿಗೆ ಒಲವಾಯಿತು’ ಎಂಬ ಥರದ ಸಾಲು ಹಾಕುವುದನ್ನು ನಿಲ್ಲಿಸಿ. ಒಳಗೆ ಬಲಾತ್ಕಾರ, ಹೊಡೆತ ಇದ್ದರೆ ಮೊದಲ ಪುಟದಲ್ಲಿ ಒಂದು ಸಾಲು ತಿಳಿಸಿ. ಮನೆಯಲ್ಲಿ ಅದನ್ನು ಉಂಡವಳು ಪುಸ್ತಕ ಆರಿಸುವಾಗಲಾದರೂ ತಿಳಿದು ಆರಿಸಲಿ. ಆ್ಯಪ್‌ಗಳ ಸಂಪಾದಕರೇ, ನಿಮ್ಮಲ್ಲಿ ಬರೆಯುವವರು ಎಷ್ಟೋ ಮಂದಿ ಚಿಕ್ಕ ಪ್ರಾಯದ ಹುಡುಗಿಯರು. ಕಪಾಳಕ್ಕೆ ಹೊಡೆಯುವ ಕಂತಿಗೆ ಓದುಗರು ಜಾಸ್ತಿ ಅಂತ ಅವರಿಗೆ ಕಲಿಸಬೇಡಿ.

ಇಲ್ಲಿ ಸರಕು ಬೇಕಾದಷ್ಟು ಉಂಟು. ಗೇರುಸೊಪ್ಪೆಯಲ್ಲಿ ಕುಳಿತು ಕರಿಮೆಣಸಿನ ವ್ಯಾಪಾರ ನಡೆಸಿದ ಚೆನ್ನಭೈರಾದೇವಿ, ಗಂಡ ಸತ್ತ ಮೇಲೆ 1671ರಿಂದ ಕಾಲು ಶತಮಾನ ಕೆಳದಿಯನ್ನು ಆಳಿದ ಚೆನ್ನಮ್ಮ. ಹೊಳೆಯ ಆಚೆ ಈಚೆ ತಮ್ಮ ತಮ್ಮ ರಾಜ್ಯ ಆಳುತ್ತ ದೋಣಿಯಲ್ಲಿ ಸೇರುತ್ತಿದ್ದ ದಂಪತಿಯ ಕಥೆಗಿಂತ ಚಂದದ ಪ್ರೇಮಕಥೆ ಎಲ್ಲಿ ಸಿಗುತ್ತದೆ ಹೇಳಿ? ಒಡವೆ ವಾಪಸ್ ಹೋಗುವ ಮೊದಲಿನ ಆ ವರ್ಷಗಳನ್ನು ಯಾರಾದರೂ ಬರೆಯಿರಿ. ದೋಣಿ ಬಂದು ಅವಳನ್ನು ಹಿಡಿದ ದಿನವನ್ನೂ ಬರೆಯಿರಿ, ಅವಳ ಕಣ್ಣಿನಿಂದ. ಉಳ್ಳಾಲಕ್ಕೆ ಬಂದು ನೋಡಬೇಕಾದರೆ ಸಿಟಿ ಬಸ್ಸು ಉಂಟು, ದಾರಿ ತೋರಿಸಲು ನಾನು ಇದ್ದೇನೆ. ಪುಸ್ತಕ ಬಂದ ಮೇಲೆ ಐದು ಪ್ರತಿ ನಮ್ಮ ಲೈಬ್ರರಿಗೆ ಕಳಿಸಿ. ಪುಕ್ಕಟೆ ಬೇಡ, ದುಡ್ಡು ಕೊಟ್ಟೇ ತೆಗೆದುಕೊಳ್ಳುತ್ತೇವೆ. ಒಂದನ್ನು ಆ ಬಿ.ಎ. ಹುಡುಗಿಗೆ ನಾನೇ ಕೊಡುತ್ತೇನೆ.

ಇಂತಿ,
ನಿಮ್ಮ ಪುಸ್ತಕಗಳನ್ನು ಓದುವ, ಓದಿಸುವ ಒಬ್ಬಳು
ಮಂಗಳೂರು